ಕಮರಾದ ಅಂದರೆ ಒಂದೇ ಕೋಣೆಯವನು

ಹೋದ ವಾರ ಅಂಗಡಿಗೆ ಬಂದ ಮಾಲಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಪೂರ್ತಿ ನೆನೆದುಹೋಗಿತ್ತು. ದಾರಿಯಲ್ಲಿ ಮಳೆ ಹಿಡಿದು ಲಾರಿಯ ಟಾರ್ಪಾಲಿನಿಂದ ನೀರಿಳಿದಿರಬೇಕು. ಚಿಂತಾಮಣಿಯಲ್ಲಿ ನನ್ನದು ಸ್ಕೂಟರು, ಬೈಕುಗಳ ಬಿಡಿಭಾಗ ಮಾರುವ ಅಂಗಡಿ. ಒಳಗಿನ ಬ್ರೇಕ್ ವೈರುಗಳಿಗೇನೂ ಆಗಿರಲಿಲ್ಲ. ಆದರೆ ಪೆಟ್ಟಿಗೆ ಬಿಚ್ಚಿದೊಡನೆ ಆ ವಾಸನೆ ಬಂತು. ಒದ್ದೆ ರಟ್ಟಿನದು, ಅದರ ಪದರಗಳ ನಡುವೆ ಹುಳಿಯಾದ ಅಂಟಿನ ಗಂಜಿಯದು. ಎರಡು ವರ್ಷ ಆ ವಾಸನೆ ನನ್ನ ಅಂಗಿಯಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಇತ್ತು. ಅದೇ ವಾಸನೆ ಹೊತ್ತ ಇನ್ನೊಬ್ಬರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನಾನು ಮಲಗುತ್ತಿದ್ದೆ. ಅವರ ವಿಷಯ ಇಷ್ಟು ವರ್ಷದಲ್ಲಿ ಒಬ್ಬನಿಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲ...

ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಫೇಲಾದ ನಾನು ಮುರುಗಮಲ್ಲದ ಹತ್ತಿರದ ನಮ್ಮೂರು ಬಿಟ್ಟು ಗೌರಿಬಿದನೂರಿಗೆ ಬಂದೆ. ಪಕ್ಕದ ಕುಡುಮಲಕುಂಟೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ ಸಿಕ್ಕಿತ್ತು. ಅಲ್ಲಿನ ಸ್ಟೋರಿನ ಗುಮಾಸ್ತರು ತಮ್ಮ ರೂಮಿಗೆ ಜೊತೆಗೊಬ್ಬ ಬೇಕು ಅನ್ನುತ್ತಿದ್ದಾರೆಂದು ಯಾರೋ ಹೇಳಿದರು. ಟ್ರಂಕು ಹೊತ್ತುಕೊಂಡು ಆ ಮಹಡಿ ಹತ್ತಿದಾಗ ಅವರು ಬಾಗಿಲಲ್ಲೇ ಕೂತು ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಓದುತ್ತಿದ್ದರು. ಅದು ಕಥೆಯ ಪುಸ್ತಕವಲ್ಲ, ಇಂಗ್ಲಿಷ್ ಡಿಕ್ಷನರಿ. ಡಿಕ್ಷನರಿಯನ್ನು ಹೀಗೆ ಪುಟದಿಂದ ಪುಟಕ್ಕೆ ಓದುವವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ಶಿಡ್ಲಘಟ್ಟದಲ್ಲಿ ಟ್ಯುಟೋರಿಯಲ್ ಒಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರಂತೆ. ಅದು ಮುಚ್ಚಿದ ಮೇಲೆ ಸ್ಟೋರಿಗೆ ಸೇರಿದ್ದರು. ಹೆಂಡತಿ, ಮಗಳು ಶಿಡ್ಲಘಟ್ಟದಲ್ಲೇ ಇದ್ದರು. ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದರು. ನಲವತ್ತೈದರ ಆಸುಪಾಸು, ತೆಳ್ಳಗಿನ ಆಳು, ಮಾತು ಮೆಲ್ಲಗೆ.

ಮೊದಲ ದಿನವೇ ಕೇಳಿದರು, "ನಿಮ್ಮಪ್ಪ ಏನ್ ಮಾಡ್ತಾರಪ್ಪ?"

"ಗಾರೆ ಕೆಲಸದ ಮೇಸ್ತ್ರಿ ಸಾರ್."

"ಹಂಗಾದ್ರೆ ನಿಮ್ಮಪ್ಪನೂ ನಾನೂ ದಾಯಾದಿಗಳು ಕಣಯ್ಯ."

ತಮಾಷೆ ಅಂದುಕೊಂಡೆ. ಅವರು ಡಿಕ್ಷನರಿ ತಿರುವಿದರು. ಮೇಸ್ತ್ರಿ ಅನ್ನುವುದು ಹಡಗಿನಲ್ಲಿ ಬಂದ ಪೋರ್ಚುಗೀಸರು ಬಿಟ್ಟುಹೋದ ಮಾತು. ಮೇಷ್ಟ್ರು ಇಂಗ್ಲಿಷರ ಮಾಸ್ಟರಿನಿಂದ ಆದದ್ದು. ಸ್ಪೇನಿನವರು ಅದನ್ನೇ ಮಾಯೆಸ್ತ್ರೋ ಅನ್ನುತ್ತಾರೆ. ಮೂರೂ ಹಳೆಯ ಲ್ಯಾಟಿನ್ನಿನ ಒಂದೇ ತಾಯಿಯ ಮಕ್ಕಳು... ಹೀಗೆ ಹೇಳುತ್ತಾ ಹೋದರು. ನಮ್ಮಪ್ಪ ಮೈಯೆಲ್ಲ ಸಿಮೆಂಟು ಮೆತ್ತಿಕೊಂಡು ಸಂಜೆ ಮನೆಗೆ ಬರುವವನು. ಅವನ ಕಸುಬಿನ ಹೆಸರಿಗೆ ಸಮುದ್ರದಾಚೆ ನೆಂಟರಿದ್ದಾರೆಂದು ಕೇಳಿ ನನಗೆ ಯಾಕೋ ಎದೆ ಉಬ್ಬಿತು. ಮುಂದಿನ ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ನಮ್ಮ ಮನೆಮಾತು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅವನು ಬೀಡಿ ಆರಿಸಿ ಕೇಳಿದ. ಮಾರನೆಯ ದಿನ ಕೆಲಸದ ಹತ್ತಿರ ಎಲ್ಲರಿಗೂ ಹೇಳಿದನಂತೆ.

ಆಮೇಲೆ ದಿನಾ ಸಂಜೆ ಒಂದೊಂದು ಮಾತು. ಅವರು ಅನ್ನಕ್ಕಿಟ್ಟು, ಸಾರಿಗೆ ಹೆಚ್ಚಿಕೊಳ್ಳುತ್ತಾ ಅದರ ನೆಂಟರಿಷ್ಟರನ್ನು ಕರೆಯುತ್ತಿದ್ದರು. ಪಾತ್ರೆ ತೊಳೆಯುತ್ತಾ ನಾನು ಅವನ್ನು ಬಾಯಿಪಾಠ ಮಾಡುತ್ತಿದ್ದೆ. ಇಂಗ್ಲಿಷ್ ಅಂದರೆ ಬೆವರುತ್ತಿದ್ದವನು ಒಂದು ವರ್ಷದಲ್ಲಿ ಪೇಪರು ಓದುವಂತಾದೆ, ಉಳಿದಿದ್ದ ಪಿಯುಸಿ ಇಂಗ್ಲಿಷ್ ಪಾಸು ಮಾಡಿದೆ. ಒಮ್ಮೆ ವಿಷಮಶೀತ ಜ್ವರ ಬಂದಾಗ ಅವರು ಮೂರು ದಿನ ರಜ ಹಾಕಿ ನನಗೆ ಗಂಜಿ ಕುಡಿಸಿದರು, ನನ್ನ ಬಟ್ಟೆ ಒಗೆದರು. ನಾನು ಬೇಡವೆಂದು ಎದ್ದರೆ, "ಸುಮ್ನೆ ಮಲ್ಕೊಳಪ್ಪ, ಇದೇನು ಯಾರಿಗೋ ಮಾಡ್ತಿದೀನಾ?" ಎಂದು ಗದರಿದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನಡೆದದ್ದನ್ನು ಕೇಳಿದವರು ಅವರು ಮೊದಲಿನಿಂದಲೂ ನಟಿಸುತ್ತಿದ್ದರು ಅಂದುಕೊಳ್ಳಬಾರದು. ನಟನೆ ಅಲ್ಲ ಅದು. ಆಗಿದ್ದರೆ ನನಗೂ ಸುಲಭವಾಗುತ್ತಿತ್ತು...

ಕಾರ್ಖಾನೆಯಲ್ಲಿ ನನಗೆ ಹತ್ತಿರದವನು ಅಂದರೆ ಅಲೀಪುರದ ಗೆಳೆಯ. ನಾನು ಯಂತ್ರಕ್ಕೆ ರಟ್ಟು ಕೊಟ್ಟರೆ ಆಚೆಯಿಂದ ಅವನು ತೆಗೆದುಕೊಳ್ಳುತ್ತಿದ್ದ. ಆ ಯಂತ್ರ ರಟ್ಟನ್ನು ಕತ್ತರಿಸಿ ಮಡಿಕೆಯ ಗೆರೆ ಹಾಕುತ್ತಿತ್ತು. ಬ್ಲೇಡಿನ ಮುಂದೆ ಕೈ ಹೋಗದಂತೆ ಒಂದು ಕಬ್ಬಿಣದ ಜಾಲರಿ ಇರಬೇಕು. ಅದಿದ್ದರೆ ಕೆಲಸ ನಿಧಾನವೆಂದು ತೆಗೆಸಿ ಮೂಲೆಗಿಟ್ಟಿದ್ದರು. ಒಂದು ಮಧ್ಯಾಹ್ನ ಪಕ್ಕದ ಯಂತ್ರದಲ್ಲಿದ್ದ ಹೆಂಗಸಿನ ಎರಡು ಬೆರಳು ಹೋದವು. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಅವಳು ಕೂಗಲೂ ಇಲ್ಲ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಲ್ಲೇ ಕುಸಿದಳು. ಅವಳೂ ನಮ್ಮ ಹಾಗೆ ಕಂಟ್ರಾಕ್ಟಿನವಳು. ಗಾಯ ವಾಸಿಯಾಗುವ ಮುಂಚೆಯೇ ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಳು. ಜಾಲರಿ ಮಾತ್ರ ಮೂಲೆಯಲ್ಲೇ ಇತ್ತು.

ಆಗ ನಾವು ಏಳು ಜನ ಒಟ್ಟಾದೆವು. ಸಂಘ ಕಟ್ಟುವುದಕ್ಕೆ ಏಳು ರುಜು ಸಾಕು ಎಂದು ಯಾರೋ ಹೇಳಿದ್ದರು. ಜಾಲರಿ ಹಾಕಬೇಕು, ಅಕ್ಕನಿಗೆ ಕೆಲಸ ವಾಪಸು ಕೊಡಬೇಕು, ನಮ್ಮನ್ನು ಖಾಯಂ ಮಾಡಬೇಕು. ಕೇಳುವುದು ಇಷ್ಟೇ. ಕಾಗದ ಇಂಗ್ಲಿಷಿನಲ್ಲಿದ್ದರೆ ಬೆಲೆ ಎಂದು ಎಲ್ಲರಿಗೂ ಅನ್ನಿಸಿತು. ಬರೆಯುವವರು ಇನ್ಯಾರು? ಒಂದು ಭಾನುವಾರ ಸಂಜೆ ಏಳೂ ಜನ ನಮ್ಮ ರೂಮಿನಲ್ಲಿ ಸೇರಿದೆವು. ಮೇಷ್ಟ್ರು ಟೀ ಮಾಡಿಕೊಟ್ಟು, ಟ್ರಂಕಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯಲು ಕೂತರು.

ನಮ್ಮಲ್ಲೊಬ್ಬ ಹಿಂದೆ ಬೆಂಗಳೂರಿನ ಕಡೆ ಕೆಲಸ ಮಾಡಿದ್ದವನು, ನಮ್ಮನ್ನೆಲ್ಲ ತಮಾಷೆಗೆ ಕಾಮ್ರೇಡ್ ಎಂದು ಕರೆಯುತ್ತಿದ್ದ. ಅಲೀಪುರದವನು ಕೇಳಿದ, "ಮೇಷ್ಟ್ರೇ, ಈ ಕಾಮ್ರೇಡ್ ಅಂದ್ರೇನು? ಇವ್ನು ಬಯ್ತಿದಾನೋ ಹೊಗಳ್ತಿದಾನೋ ಅದಾದ್ರೂ ಹೇಳಿ."

ಮೇಷ್ಟ್ರು ಬರೆಯುವುದನ್ನು ಬಿಟ್ಟು ಡಿಕ್ಷನರಿ ಎಳೆದುಕೊಂಡರು. ಅವರ ಮುಖ ನೋಡಬೇಕಿತ್ತು. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂದದ್ದು, ಫ್ರೆಂಚಿಗೆ ಸ್ಪ್ಯಾನಿಷಿನಿಂದ. ಅಲ್ಲಿ ಅದು ಕಮರಾದ. ಕಾಮರ ಅಂದರೆ ಕೋಣೆ. ಒಂದೇ ಕೋಣೆಯಲ್ಲಿ ಮಲಗುವ ಸಿಪಾಯಿಗಳು ಒಬ್ಬರಿಗೊಬ್ಬರು ಕಮರಾದ. ಇಂಗ್ಲಿಷಿನ ಚೇಂಬರ್ ಇದರ ರಕ್ತಸಂಬಂಧಿ. ಫೋಟೋ ತೆಗೆಯುವ ಕ್ಯಾಮೆರಾವೂ ಅಷ್ಟೇ, ಯಾಕೆಂದರೆ ಅದು ಮೊದಲು ಬೆಳಕಿಂಡಿಯಿದ್ದ ಒಂದು ಕತ್ತಲ ಕೋಣೆಯಾಗಿತ್ತು.

"ಸಾರ್, ನಮ್ಮನೇಲಿ ರೂಮಿಗೆ ಕಮ್ರಾ ಅಂತಾರಲ್ಲ!" ಎಂದ ಅಲೀಪುರದವನು.

ಮೇಷ್ಟ್ರು ಅವನನ್ನೇ ನೋಡಿದರು. ಆಮೇಲೆ ಎದ್ದು ಅವನ ಬೆನ್ನಿಗೊಂದು ಗುದ್ದು ಕೊಟ್ಟರು. "ಅದೇ ಕಣೋ! ಪೋರ್ಚುಗೀಸರು ತಂದಿದ್ದು, ನಿಮ್ಮ ಉರ್ದುವಿನಲ್ಲಿ ಕೂತಿದೆ. ಇಷ್ಟ್ ದಿನ ನಂಗ್ ಹೊಳೀಲೇ ಇಲ್ವಲ್ಲಯ್ಯ!" ಡಿಕ್ಷನರಿಯ ಅಂಚಿನಲ್ಲಿ ಪೆನ್ಸಿಲಿನಿಂದ ಕಮ್ರಾ ಎಂದು ಬರೆದು, ಕೆಳಗೆ ಅವನ ಹೆಸರನ್ನೂ ಬರೆದರು. ನಮಗೆಲ್ಲ ನಗು. ಆ ಸಂಜೆ ಏಳು ಜನರೂ ಮೇಷ್ಟ್ರೂ ಆ ಸಣ್ಣ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೆವು. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಕೂತ ನೆನಪಿಲ್ಲ.

ಕಾಗದ ಮುಗಿಯಿತು. ಕೂತ ಸಾಲಿನಲ್ಲೇ ರುಜು ಹಾಕಿದೆವು. ಮೊದಲನೆಯವನು ಬೆಂಗಳೂರಿನಿಂದ ಬಂದವನು, ಮೂರನೆಯವನು ಅಲೀಪುರದವನು, ನಾಲ್ಕನೆಯವನು ನಾನು. ಮುಂದಿನ ವಾರ ಟೈಪ್ ಮಾಡಿಸಿ ಕೊಡುವುದೆಂದು ಮಾತಾಯಿತು. ಅಲ್ಲಿಯ ತನಕ ಹಾಳೆ ಮೇಷ್ಟ್ರ ಡಿಕ್ಷನರಿಯೊಳಗೇ ಇರಲಿ ಅಂದೆವು. ಅದಕ್ಕಿಂತ ಭದ್ರವಾದ ಜಾಗ ನಮಗೆ ಯಾರಿಗೂ ತೋಚಲಿಲ್ಲ.

ನಾಲ್ಕು ದಿನ ಕಳೆಯಿತು. ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಗುಂಪು ಸೇರಿತ್ತು. ಗೇಟಿಗೆ ಇಂಗ್ಲಿಷಿನ ಒಂದು ನೋಟೀಸು ಅಂಟಿಸಿದ್ದರು. ನಮ್ಮವರೆಲ್ಲ ಅದರ ಮುಂದೆ ನಿಂತಿದ್ದರು. ನನ್ನನ್ನು ಕಂಡು ಅಲೀಪುರದವನು, "ಬಾರೋ, ಓದು. ನೀನೇ ತಾನೇ ಇಂಗ್ಲಿಷ್ ಪಂಡಿತ," ಎಂದ.

ಗಟ್ಟಿಯಾಗಿ ಓದಿದೆ. ಈ ಕೆಳಗಿನವರು ಕಾರ್ಖಾನೆಯ ಹಿತಕ್ಕೆ ವಿರುದ್ಧವಾಗಿ ಗುಂಪುಗೂಡಿದ್ದಾರೆ. ಇವತ್ತಿನಿಂದ ಇವರನ್ನು ಒಳಗೆ ಬಿಡುವುದಿಲ್ಲ. ಆಮೇಲೆ ಹೆಸರುಗಳು. ಒಂದು... ಎರಡು... ಮೂರು, ಅಲೀಪುರದವನದು. ನಾಲ್ಕನೆಯದನ್ನು ಹೇಳಲು ನನ್ನ ನಾಲಿಗೆ ನನ್ನ ಹೆಸರಿಗೆ ಸಿದ್ಧವಾಗಿತ್ತು. ಅಲ್ಲಿ ಐದನೆಯವನ ಹೆಸರಿತ್ತು. ನಾವು ರುಜು ಹಾಕಿದ ಅದೇ ಸಾಲು, ನನ್ನೊಬ್ಬನನ್ನು ಕಿತ್ತು ತೆಗೆದು ಮಿಕ್ಕವರನ್ನು ಹತ್ತಿರ ಸರಿಸಿದ ಹಾಗೆ. ಆ ಹಾಳೆ ಬಿಟ್ಟರೆ ಆ ಸಾಲು ಪ್ರಪಂಚದಲ್ಲಿ ಬೇರೆಲ್ಲೂ ಇರಲಿಲ್ಲ.

ಓದಿ ಮುಗಿದ ಮೇಲೆ ಅಲೀಪುರದವನು ಮೆಲ್ಲಗೆ ಕೇಳಿದ, "ಆ ಕಾಗದ ಎಲ್ಲಿದೆಯೋ?"

"ರೂಮಲ್ಲಿ."

ಅಷ್ಟೇ. ಒಳಗಡೆ ಗಂಟೆ ಹೊಡೆಯಿತು. ವಾಚ್‌ಮನ್ ನನ್ನ ಕಡೆ ನೋಡಿ, "ನೀವ್ ಬನ್ನಿ, ನಿಮ್ದಿಲ್ಲ ಇದರಲ್ಲಿ. ಟೈಮಾಯ್ತು," ಎಂದ. ನಾನು ಒಳಗೆ ಹೋದೆ. ಒಳಗೆ ಹೋಗಿ ಮೇಷ್ಟ್ರನ್ನು ಕೇಳಿದರೆ ಸತ್ಯ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೋರಿನ ಬಾಗಿಲಿಗೆ ಬೀಗ ಹಾಕಿತ್ತು. ಮೇಷ್ಟ್ರು ಅವತ್ತು ಆಫೀಸಿನ ಕಟ್ಟಡದಲ್ಲಿದ್ದರು.

ಸಂಜೆ ರೂಮಿಗೆ ಬಂದಾಗ ಅವರು ಆಗಲೇ ಬಂದು ಬೀನ್ಸ್ ಬಿಡಿಸುತ್ತಾ ಕೂತಿದ್ದರು. ಡಿಕ್ಷನರಿ ತೆಗೆದು ಕೊಡವಿದೆ. ಹಾಳೆ ಇರಲಿಲ್ಲ. ಏನಾದರೂ ಸುಳ್ಳು ಹೇಳುತ್ತಾರೆ ಎಂದು ಕಾದೆ. ಒಂದು ಸುಳ್ಳು ಹೇಳಿದ್ದರೂ ಬಹುಶಃ ನಂಬುತ್ತಿದ್ದೆ.

"ನಾನೇ ಕೊಟ್ಟೆ ಕಣಪ್ಪ," ಎಂದರು, ಬೀನ್ಸಿನಿಂದ ಕಣ್ಣೆತ್ತದೆ. "ಆಫೀಸಿಗೆ ಕರೆದು ಕೇಳಿದ್ರು. ಏನೋ ನಡೀತಿದೆ ಅಂತ ವಾಸನೆ ಹತ್ತಿತ್ತು ಅವ್ರಿಗೆ. ಹೇಳ್ದೆ ಇದ್ರೆ ನೀವೂ ಮನೆಗೆ ಹೋಗ್ಬೋದು ಅಂದ್ರು. ನಂಗೆ ಈ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ? ಮಗಳು ಹತ್ತನೇ ಕ್ಲಾಸು."

"ನನ್ ಹೆಸ್ರು ಯಾಕೆ ಬಿಟ್ರಿ?"

"ನಿನ್ನನ್ನ ಹೆಂಗ್ ಕೊಡ್ಲಿ? ಇವನೊಬ್ಬನನ್ನ ಬಿಟ್ಬಿಡಿ ಅಂತ ಬೇಡ್ಕೊಂಡೆ." ಆಗ ತಲೆಯೆತ್ತಿದರು. ಕಣ್ಣು ಕೆಂಪಾಗಿದ್ದವು. "ಅವತ್ತು ಪುಸ್ತಕದಲ್ಲೇ ತೋರಿಸ್ಲಿಲ್ವೇನಪ್ಪ? ಒಂದೇ ಕೋಣೇಲಿ ಇರೋನು. ಆ ಮಾತಿನ ಬೇರೇ ಅದು. ಸಂಘ ಗಿಂಘ ಅನ್ನೋದೆಲ್ಲ ಆಮೇಲೆ ಅಂಟ್ಕೊಂಡಿದ್ದು. ಅಷ್ಟಾದ್ರೂ ಉಳಿಸ್ಕೊಂಡೆ ನಾನು."

ಆರು ಜನರನ್ನು ಮಾರಿದ್ದಕ್ಕಿಂತ, ಮಾರುವಾಗ ಆ ಮಾತನ್ನು ಕೈಗೆತ್ತಿಕೊಂಡಿದ್ದು ನನಗೆ ಸಹಿಸಲಾಗಲಿಲ್ಲ. "ಅವ್ರೂ ಇದೇ ಕೋಣೇಲಿ ಕೂತಿದ್ರಲ್ಲ ಸಾರ್. ನಿಮ್ಮ ಟೀ ಕುಡಿದ್ರು. ಅವನ ಹೆಸ್ರು ನಿಮ್ಮ ಪುಸ್ತಕದಲ್ಲಿದೆ. ನಿಮ್ಮ ಕೈಯಲ್ಲೇ ಬರ್ದಿದ್ದು."

ನಾನು ಟ್ರಂಕಿಗೆ ಬಟ್ಟೆ ತುಂಬಿದೆ. ಹೊರಡುವಾಗ ಮೇಷ್ಟ್ರು ಎದ್ದು ಬಂದು ಡಿಕ್ಷನರಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ತೆಗೆದುಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಊಟ ಮಾಡ್ಕೊಂಡಾದ್ರೂ ಹೋಗೋ," ಎಂದರು. ಆ ದನಿ ಮಾತ್ರ ಎಂದಿನಂತೆಯೇ ಇತ್ತು...

ಮುಂದಿನ ತಿಂಗಳು ನನಗೆ ಖಾಯಂ ಆರ್ಡರು ಬಂತು. ಆರು ಜನರ ಕಣ್ಣಲ್ಲಿ ನಾನೇ ಚಾಡಿಕೋರ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಕಾಗದ ನನ್ನ ರೂಮಿನಲ್ಲಿತ್ತು, ಹೆಸರು ಬಿಟ್ಟಿದ್ದು ನನ್ನದು, ಆರ್ಡರು ಬಂದಿದ್ದೂ ನನಗೆ. ಎರಡು ಸಲ ಅಲೀಪುರದ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದೆ. ಏನೆಂದು ಹೇಳುವುದು? ನಾನಲ್ಲ, ಮೇಷ್ಟ್ರು ಎಂದೇ? ಹೇಳಬಹುದಿತ್ತು. ಹೇಳಲಿಲ್ಲ. ಅವರು ಕುಡಿಸಿದ ಗಂಜಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೂ ಅವರ ಮೇಲೇ ಸಿಟ್ಟು ಬರುತ್ತಿತ್ತು.

ಎಂಟು ತಿಂಗಳು ಅಲ್ಲೇ ದುಡಿದೆ. ಬ್ಲೇಡು ಬೇಕಾದಾಗ ಸ್ಟೋರಿಗೆ ಹೋಗಲೇಬೇಕು. ಮೇಷ್ಟ್ರು ರಿಜಿಸ್ಟರು ಮುಂದೆ ತಳ್ಳುತ್ತಿದ್ದರು, ನಾನು ರುಜು ಹಾಕುತ್ತಿದ್ದೆ. ಮಾತಿಲ್ಲ. ಅಷ್ಟರಲ್ಲಿ ಯಾರೋ ಅಧಿಕಾರಿ ನೋಡಲು ಬರುತ್ತಾರೆಂದು ಎಲ್ಲ ಯಂತ್ರಗಳಿಗೂ ಜಾಲರಿ ಹಾಕಿಸಿದರು. ಆ ಆರು ಜನ ಕೇಳಿದ್ದು ಅದನ್ನೇ. ಜಾಲರಿಯ ಹಿಂದೆ ಕೆಲಸ ಮಾಡುತ್ತಿದ್ದವನು ನಾನು. ಬೇಸಿಗೆ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಚಿಂತಾಮಣಿಗೆ ಬಂದೆ. ಬಿಡಿಭಾಗದ ಅಂಗಡಿಯೊಂದಕ್ಕೆ ಸೇರಿ, ಕೆಲಸ ಕಲಿತು, ಆಮೇಲೆ ನನ್ನದೇ ಅಂಗಡಿ ಹಾಕಿದೆ.

ಅಂಗಡಿ ಹಾಕಿದ ಮೊದಲ ವರ್ಷ ಒಂದು ದಿನ ಮೇಷ್ಟ್ರು ಬಂದರು. ಇನ್ನೂ ತೆಳ್ಳಗಾಗಿದ್ದರು. ಗಿರಾಕಿಗಳ ಹಿಂದೆ ನಿಂತಿದ್ದರು. ಒಬ್ಬೊಬ್ಬರನ್ನೇ ಕಳಿಸಿದೆ. ಬೇಕೆಂದೇ ನಿಧಾನ ಮಾಡಿದೆ. ಕೊನೆಗೆ ಅವರೊಬ್ಬರೇ ಉಳಿದಾಗ, ಗುರುತಿಲ್ಲದವರನ್ನು ಕೇಳುವಂತೆ ಕೇಳಿದೆ, "ಏನ್ ಬೇಕಾಗಿತ್ತು ಸಾರ್?"

"ಏನೂ ಬೇಡಪ್ಪ. ಅಂಗಡಿ ಚೆನ್ನಾಗಿದೆ," ಎಂದು ಹೊರಟುಹೋದರು. ಬಸ್ ಸ್ಟ್ಯಾಂಡಿನ ಕಡೆ ಅವರು ನಡೆದು ಹೋಗುವುದನ್ನು ಕೌಂಟರಿನ ಹಿಂದೆ ನಿಂತೇ ನೋಡಿದೆ. ಕೂಗಿದ್ದರೆ ಕೇಳಿಸುವಷ್ಟು ಹತ್ತಿರವಿದ್ದರು.

ಹೋದ ವರ್ಷ ಅಂಗಡಿಗೆ ಬಂದವನು ಅಲೀಪುರದ ಗೆಳೆಯ. ಮುರುಗಮಲ್ಲದ ದರ್ಗಾಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದನಂತೆ. ನನ್ನ ಅಂಗಡಿಯ ವಿಷಯ ಅಲ್ಲಿ ಯಾರೋ ಹೇಳಿದರಂತೆ. ಗಡ್ಡ ಬೆಳ್ಳಗಾಗಿತ್ತು. ಸ್ಟೂಲು ಹಾಕಿ ಕೂರಿಸಿ, ಟೀ ತರಿಸಿದೆ.

"ನಿಮ್ಮ ಮೇಷ್ಟ್ರು ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಎಂದ. "ಶಿಡ್ಲಘಟ್ಟದಲ್ಲೇ. ಎರಡು ತಿಂಗಳಾಯ್ತಂತೆ."

ಗೊತ್ತಿರಲಿಲ್ಲ. ಗಾಜಿನ ಮೇಲಿನ ಧೂಳು ಒರೆಸಿದೆ. ಆಮೇಲೆ, ಹದಿನೈದು ವರ್ಷಕ್ಕೂ ಮೀರಿ ಹೊತ್ತುಕೊಂಡಿದ್ದದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಕಾಗದ ಕೊಟ್ಟವರು ಅವರು, ನಾನಲ್ಲ. ನನ್ನ ಹೆಸರನ್ನು ಬಿಟ್ಟವರೂ ಅವರೇ, ನನಗೆ ಗೊತ್ತೇ ಇರಲಿಲ್ಲ.

ಅವನು ಸಮಾಧಾನವಾಗಿ ಕೇಳಿಸಿಕೊಂಡ.

"ಗೊತ್ತಿತ್ತು ಕಣೋ," ಎಂದ. "ಅವತ್ತೇ ಗೊತ್ತಾಯ್ತು. ಓದ್ತಾ ಓದ್ತಾ ನಿನ್ ಮುಖ ನೋಡಿದ್ವಲ್ಲ. ನೀನೇ ಕೊಟ್ಟೆ ಅಂತ ಆರು ಜನದಲ್ಲಿ ಒಬ್ನೂ ಅನ್ಲಿಲ್ಲ."

"ಮತ್ತೆ... ಯಾಕೆ ಒಬ್ರೂ ನನ್ನ ಹತ್ರ ಬರ್ಲಿಲ್ಲ?"

ಅವನು ಟೀ ಲೋಟವನ್ನು ಕೌಂಟರಿನ ಮೇಲಿಟ್ಟ. "ಗಂಟೆ ಹೊಡೀತು, ನೀನು ಒಳಗೆ ಹೋದೆ. ಮಧ್ಯಾಹ್ನದ ತನಕ ಗೇಟ್ ಹತ್ರಾನೇ ನಿಂತಿದ್ವಿ ನಾವು, ನೀನು ಆಚೆ ಬರ್ತೀಯ ಅಂತ."

ಹೊರಗೆ ಅವನ ಹೆಂಡತಿ, ಮಕ್ಕಳು ಆಟೋದಲ್ಲಿ ಕಾಯುತ್ತಿದ್ದರು. ನನ್ನ ಭುಜ ತಟ್ಟಿ ಎದ್ದು ಹೋದ. ಸಿಟ್ಟೇನೂ ಇರಲಿಲ್ಲ ಅವನಲ್ಲಿ. ಎಂದೋ ಮುಗಿದುಹೋಗಿದ್ದನ್ನು ಹೇಳುವ ಹಾಗೆ ಹೇಳಿದ. ಫೋನ್ ನಂಬರು ಅವನೂ ಕೊಡಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ಶಿಡ್ಲಘಟ್ಟ ಇಲ್ಲಿಗೆ ಏನು ದೂರ? ಮಾಲು ತರಲು ತಿಂಗಳಿಗೊಮ್ಮೆ ಆ ದಾರಿಯಲ್ಲೇ ಹೋಗುತ್ತೇನೆ. ಮೇಷ್ಟ್ರ ಮನೆ ಯಾವ ಬೀದಿಯಲ್ಲಿದೆ ಎಂದು ಇದುವರೆಗೂ ಯಾರನ್ನೂ ಕೇಳಿಲ್ಲ. ಅವರ ಮಗಳು ಈಗ ಎಲ್ಲಿದ್ದಾಳೋ... ಅವರ ಮೇಲಿನ ಸಿಟ್ಟು ಅವರು ಸತ್ತ ಮೇಲೂ ಹೋಗಿಲ್ಲ. ಕೆಲವು ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮನಸ್ಸಿನಲ್ಲೇ ಅವರನ್ನು ನಿಲ್ಲಿಸಿಕೊಂಡು ಬಯ್ಯಲು ಶುರು ಮಾಡುತ್ತೇನೆ. ಮೊದಲೆಲ್ಲ ಗಂಟೆಗಟ್ಟಲೆ ಬಯ್ಯುತ್ತಿದ್ದೆ. ಈಗ ಎರಡು ಮಾತು ಆಡುವಷ್ಟರಲ್ಲಿ ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ಆರು ಜನ ಕಾಣುತ್ತಾರೆ. ಅವರು ಮೇಷ್ಟ್ರ ಕಡೆ ನೋಡುತ್ತಿಲ್ಲ.